ಕ್ಯಾಸ್ಟೀಲಿನ ಎಲಿನೋರ್‌ಗೆ ಮಕ್ಕಳೆಷ್ಟು? ಒಬ್ಬ ರಾಣಿಯ ಸಂಸಾರ, ಖರ್ಚಿನ ಲೆಕ್ಕದಲ್ಲಿ

ಪ್ರಶ್ನೆ: ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡನ ಹೆಂಡತಿ, ಕ್ಯಾಸ್ಟೀಲಿನ ಎಲಿನೋರ್ ಬಗ್ಗೆ ಲೇಖನ ಬರೆಯುತ್ತಿದ್ದೇನೆ, ಜೊತೆಗೆ ಒಂದು ವಂಶವೃಕ್ಷವನ್ನೂ ಕೊಡಬೇಕು. ಮಕ್ಕಳು 14 ಎಂದು ಒಂದು ಕಡೆ ಇದೆ, 16 ಎಂದು ಇನ್ನೊಂದು ಕಡೆ. ಮದುವೆಯಾದಾಗ ಆಕೆಗೆ 10 ವರ್ಷ ಎನ್ನುವವರಿದ್ದಾರೆ, 13 ಎನ್ನುವವರೂ ಇದ್ದಾರೆ. ಗಂಡನ ಗಾಯದಿಂದ ವಿಷ ಹೀರಿ ಅವನನ್ನು ಉಳಿಸಿದಳು ಎಂಬುದು ನಿಜವೇ? ಅವಳ ನೆನಪಿಗೆ 12 ಶಿಲುಬೆ ಕಟ್ಟಿಸುವಷ್ಟು ಪ್ರೀತಿ ರಾಜನಿಗಿತ್ತು. ಹಾಗಿದ್ದರೆ ಜನ ಯಾಕೆ ಅವಳನ್ನು ಭೂಮಿ ನುಂಗುವವಳು ಎಂದು ಆಡಿಕೊಂಡರು?

ಉತ್ತರ: ಮಕ್ಕಳ ಲೆಕ್ಕವನ್ನೇ ಮೊದಲು ಮುಗಿಸೋಣ. ಹೆಸರು ಗೊತ್ತಿರುವ ಮಕ್ಕಳು 12. ಹೆಸರಿಲ್ಲದೆ, ಹುಟ್ಟಿದ ಅಥವಾ ಸತ್ತ ಸುಳಿವು ಮಾತ್ರ ಉಳಿದಿರುವ ಮಕ್ಕಳು 4. ನಾಲ್ಕನ್ನೂ ಒಪ್ಪಿದರೆ 16. ಸುಳಿವು ತೀರಾ ತೆಳುವಾಗಿರುವ ಎರಡನ್ನು ಬಿಟ್ಟರೆ 14. ಹಾಗಾಗಿ "ಕನಿಷ್ಠ 14, ಬಹುಶಃ 16" ಎಂದು ಬರೆದರೆ ತಪ್ಪಾಗುವುದಿಲ್ಲ. ತಾಯಿ ಕಣ್ಣು ಮುಚ್ಚಿದಾಗ ಬದುಕಿದ್ದವರು ಆರೇ ಜನ, ಐದು ಹೆಣ್ಣು ಮತ್ತು ಒಂದು ಗಂಡು. ವಿಷ ಹೀರಿದ ಕಥೆ ನಿಲ್ಲುವುದಿಲ್ಲ. ಪ್ರೀತಿ ನಿಜ, ಜನರ ದೂರೂ ನಿಜ.

ಈ ರಾಣಿಯ ಬದುಕು ನಮಗೆ ತಿಳಿದಿರುವುದು ಹೆಚ್ಚಾಗಿ ಖರ್ಚಿನ ಲೆಕ್ಕದಿಂದ ಎನ್ನುವುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಮಠದಲ್ಲಿ ಕೂತು ಇತಿಹಾಸ ಬರೆದ ಸನ್ಯಾಸಿಗಳಿಗೆ ಯುದ್ಧ ಬೇಕಿತ್ತು, ಬಿಷಪ್‌ಗಳ ಜಗಳ ಬೇಕಿತ್ತು. ಅರಮನೆಯಲ್ಲಿ ಎಷ್ಟನೆಯ ಹೆಣ್ಣುಮಗು ಹುಟ್ಟಿತು ಎಂಬುದನ್ನು ಅವರು ಗಮನಿಸುತ್ತಿರಲಿಲ್ಲ. ಅರಮನೆಯ ಗುಮಾಸ್ತ ಮಾತ್ರ ಮೇಣ, ಬಟ್ಟೆ, ದಾನ, ಔಷಧಿ ಎಂದು ಪ್ರತಿ ಪೆನ್ನಿಯನ್ನೂ ಬರೆದಿಟ್ಟ. ಒಂದು ಮಗುವಿನ ಗುರುತು ಉಳಿದಿದ್ದರೆ ಬಹಳ ಸಲ ಅದು ಆ ಮಗುವಿಗಾಗಿ ಯಾರೋ ಹಣ ತೆತ್ತಿದ್ದರಿಂದ.

ಆಕೆಯ ವಯಸ್ಸೇ ನೋಡಿ. ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿಲ್ಲ. ಹಳೆಯ ಪುಸ್ತಕಗಳು 1244ರ ಸುಮಾರು ಎಂದು ಊಹಿಸಿದವು. 10ನೇ ವಯಸ್ಸಿನಲ್ಲಿ ಮದುವೆ ಎಂಬ ಮಾತು ಬಂದದ್ದು ಅಲ್ಲಿಂದ. ಆದರೆ 1291ರ ನವೆಂಬರ್‌ನಲ್ಲಿ, ಮೊದಲ ವರ್ಷಾಬ್ದಿಕಕ್ಕೆ, ಮೆರವಣಿಗೆಯಲ್ಲಿ ಮೇಣದಬತ್ತಿ ಹಿಡಿದು ನಡೆಯಲು 49 ಜನರಿಗೆ ರಾಜ ಹಣ ಕೊಟ್ಟ ಲೆಕ್ಕ ಇದೆ. ಬದುಕಿದ ವರ್ಷಕ್ಕೆ ಒಂದರಂತೆ ಬತ್ತಿ. ಆಕೆ ತೀರಿಕೊಂಡದ್ದು 1290ರ ನವೆಂಬರ್ 28ರಂದು. 49 ವರ್ಷ ಹಿಂದಕ್ಕೆ ಹೋದರೆ 1241ರ ಕೊನೆಯ ಭಾಗ ಸಿಗುತ್ತದೆ. ಮದುವೆ 1254ರ ನವೆಂಬರ್ 1ರಂದು, ಅಂದರೆ ಆಗ ಆಕೆಗೆ ಸರಿಸುಮಾರು 13. 1239ರ ಜೂನ್‌ನಲ್ಲಿ ಹುಟ್ಟಿದ ಎಡ್ವರ್ಡನಿಗೆ 15.

ಇನ್ನು ತವರು. ತಂದೆ ಇಂದಿನ ಸ್ಪೇನಿನಲ್ಲಿದ್ದ ಕ್ಯಾಸ್ಟೀಲ್ ಮತ್ತು ಲಿಯೋನ್ ರಾಜ್ಯಗಳ ದೊರೆ ಮೂರನೇ ಫೆರ್ನಾಂಡೋ, 1236ರಲ್ಲಿ ಕೋರ್ಡೋಬಾವನ್ನೂ 1248ರಲ್ಲಿ ಸೆವಿಲ್ಲಾವನ್ನೂ ಗೆದ್ದವನು. ತಾಯಿ ಅವನ ಎರಡನೆಯ ಹೆಂಡತಿ, ಉತ್ತರ ಫ್ರಾನ್ಸಿನ ಪಾಂತ್ಯೂ ಸಂಸ್ಥಾನದ ಒಡತಿ ದಮ್ಮಾರ್ತ್ಯಾಂ ಮನೆತನದ ಜೋನ್. ಮೊದಲ ಹೆಂಡತಿಯ ಹಿರಿಮಗ ಹತ್ತನೇ ಅಲ್ಫೊನ್ಸೊ, ಎಲಿನೋರ್‌ಳ ಮಲ ಅಣ್ಣ. 1252ರಲ್ಲಿ ತಂದೆ ತೀರಿದ ಮೇಲೆ ಮನೆಯ ಯಜಮಾನ ಅವನೇ, ತಂಗಿಯ ಮದುವೆ ಮಾಡಿಸಿದವನೂ ಅವನೇ. ಈ ಸಂಬಂಧದ ಹಿಂದೆ ಇದ್ದದ್ದು ಗ್ಯಾಸ್ಕನಿ. ನೈಋತ್ಯ ಫ್ರಾನ್ಸಿನ ಆ ಸೀಮೆ ಇಂಗ್ಲೆಂಡಿನ ಕೈಯಲ್ಲಿತ್ತು, ಅಲ್ಫೊನ್ಸೊ ಅದು ತನ್ನದೆಂದು ಹಕ್ಕು ಹೂಡಿದ್ದ. ಮದುವೆಯ ಜೊತೆಗೆ ಆ ಹಕ್ಕನ್ನು ಬಿಟ್ಟುಕೊಟ್ಟ. ಬದಲಿಗೆ ಎಡ್ವರ್ಡನಿಗೆ ವರ್ಷಕ್ಕೆ 15,000 ಮಾರ್ಕ್ ಹುಟ್ಟುವಳಿಯ ಭೂಮಿ ಕೊಡಬೇಕೆಂದು ಹುಡುಗನ ತಂದೆ ಮೂರನೇ ಹೆನ್ರಿಯನ್ನು ಒಪ್ಪಿಸಿದ. ಒಂದು ಮಾರ್ಕ್ ಅಂದರೆ 160 ಪೆನ್ನಿ, ಒಂದು ಪೌಂಡ್ ಅಂದರೆ 240 ಪೆನ್ನಿ. ಹಾಗಾಗಿ ಅದು 10,000 ಪೌಂಡ್. ನಿಮ್ಮ ಲೇಖನದಲ್ಲಿ ಮಾರ್ಕನ್ನೂ ಪೌಂಡನ್ನೂ ಬೆರೆಸಬೇಡಿ. ಮೂರರಲ್ಲಿ ಒಂದು ಪಾಲಿನ ವ್ಯತ್ಯಾಸ ಬಂದುಬಿಡುತ್ತದೆ. ಬುರ್ಗೋಸ್ ಪಟ್ಟಣದ ಹೊರಗಿನ ಲಾಸ್ ಉಯೆಲ್ಗಾಸ್ ಕನ್ಯಾಮಠದಲ್ಲಿ ಧಾರೆಯಾಯಿತು. ಅದಕ್ಕೆ ಮುಂಚೆ ಅಲ್ಫೊನ್ಸೊ ತನ್ನ ಕೈಯಿಂದಲೇ ಎಡ್ವರ್ಡನಿಗೆ ನೈಟ್ ಪದವಿ ಕೊಟ್ಟ.

ಹುಡುಗ ಹುಡುಗಿ ಇಬ್ಬರೂ ಹಳೆಯ ನೆಂಟರು. ಇಂಗ್ಲೆಂಡಿನ ಎರಡನೇ ಹೆನ್ರಿ ಎಡ್ವರ್ಡನ ಮುತ್ತಜ್ಜ. ಅದೇ ಹೆನ್ರಿಯ ಮಗಳೊಬ್ಬಳು ಕ್ಯಾಸ್ಟೀಲಿಗೆ ಸೊಸೆಯಾಗಿ ಹೋಗಿ, ಅವಳ ಮಗಳು ಬೆರೆಂಗೆಲಾ, ಬೆರೆಂಗೆಲಾಳ ಮಗ ಫೆರ್ನಾಂಡೋ, ಫೆರ್ನಾಂಡೋನ ಮಗಳು ಎಲಿನೋರ್. ಒಂದೇ ಮೂಲಪುರುಷನಿಂದ ಎಡ್ವರ್ಡ್ ಮೂರನೆಯ ತಲೆಮಾರು, ಎಲಿನೋರ್ ನಾಲ್ಕನೆಯದು. ವಂಶವೃಕ್ಷದಲ್ಲಿ ಇದನ್ನು ತೋರಿಸಲು "ಕಸಿನ್" ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ಎರಡನೇ ಹೆನ್ರಿಯನ್ನು ಮೇಲಿಟ್ಟು ಎರಡು ಗೆರೆ ಇಳಿಸಿ, ತಲೆಮಾರು ಎಣಿಸಿ. ಇನ್ನೊಂದು ಎಳೆಯೂ ಇದೆ: ಎಲಿನೋರ್‌ಳ ತಾಯಿ ಜೋನ್‌ಳನ್ನು 1235ರಲ್ಲಿ ಮೊದಲು ಗೊತ್ತುಮಾಡಿದ್ದು ಇದೇ ಮೂರನೇ ಹೆನ್ರಿಗೆ. ಆ ಸಂಬಂಧ ಮುರಿದು ಹೆನ್ರಿ ಪ್ರೊವೆನ್ಸಿನ ಎಲಿನೋರ್‌ಳನ್ನು ಮದುವೆಯಾದ. ಸುಮಾರು 20 ವರ್ಷದ ಮೇಲೆ ಬಿಟ್ಟ ಹೆಣ್ಣಿನ ಮಗಳೇ ಆ ಮನೆಗೆ ಸೊಸೆಯಾಗಿ ಬಂದಳು.

ಇಲ್ಲೇ ಮೊದಲ ಗುಂಡಿ ಇದೆ. ಎರಡನೇ ಹೆನ್ರಿಯ ಹೆಂಡತಿ ಆಕ್ವಿಟೇನಿನ ಎಲಿನೋರ್. ಕ್ಯಾಸ್ಟೀಲಿಗೆ ಹೋದ ಅವಳ ಮಗಳೂ ಎಲಿನೋರ್. ನಮ್ಮ ರಾಣಿಯ ಅತ್ತೆ ಎಲಿನೋರ್, ರಾಣಿಯ ಹಿರಿಮಗಳು ಎಲಿನೋರ್. ಅಷ್ಟು ಸಾಲದೆಂಬಂತೆ, ರಾಣಿ ತೀರಿ 9 ವರ್ಷವಾದ ಮೇಲೆ ಎಡ್ವರ್ಡ್ ಫ್ರಾನ್ಸಿನ ಮಾರ್ಗರೆಟ್‌ಳನ್ನು ಮದುವೆಯಾಗಿ, ಅವಳಲ್ಲಿ 1306ರಲ್ಲಿ ಹುಟ್ಟಿದ ಮಗಳಿಗೂ ಎಲಿನೋರ್ ಎಂದೇ ಹೆಸರಿಟ್ಟ. ಆ ಮಗುವನ್ನು ಮೊದಲ ಹೆಂಡತಿಯ ಲೆಕ್ಕಕ್ಕೆ ಸೇರಿಸಿದ ಪಟ್ಟಿಗಳು ಸಿಗುತ್ತವೆ. ಪ್ರತಿ ಎಲಿನೋರ್‌ಳ ಮುಂದೆ ಊರಿನ ಹೆಸರು ಮತ್ತು ಸತ್ತ ವರ್ಷ ಹಾಕದೆ ಮುಂದೆ ಹೋಗಬೇಡಿ.

ಎರಡನೆಯ ಗುಂಡಿ ಇಸವಿಯದು. ಆಗಿನ ದಾಖಲೆ ಇಸವಿಗಿಂತ ಆಳ್ವಿಕೆಯ ವರ್ಷವನ್ನು ಹೆಚ್ಚಾಗಿ ಹೇಳುತ್ತದೆ. ಎಡ್ವರ್ಡನ ಮೊದಲ ವರ್ಷ 1272ರ ನವೆಂಬರ್ 20ಕ್ಕೆ ಶುರು. ಆಳ್ವಿಕೆಯ ವರ್ಷಕ್ಕೆ 1271 ಕೂಡಿಸಿ, ಆ ವರ್ಷ ಶುರುವಾಗುವ ಇಸವಿ ಸಿಗುತ್ತದೆ. "19ನೇ ವರ್ಷ" ಅಂದರೆ 1290ರ ನವೆಂಬರ್ 20ರಿಂದ 1291ರ ನವೆಂಬರ್ 19ರವರೆಗೆ. ರಾಣಿ ಸತ್ತ ನವೆಂಬರ್ 28 ಇದರ ಒಂಬತ್ತನೆಯ ದಿನ. ಬರೀ 19ನೇ ವರ್ಷ ಎಂದು ನೋಡಿದವರು 1291 ಎಂದು ಬರೆದುಬಿಡುತ್ತಾರೆ. ಇಸವಿ ಹಾಕಿರುವ ಕಡೆಯೂ ಇಂಗ್ಲೆಂಡಿನ ಬಹುಪಾಲು ಬರಹಗಾರರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ. ಹೀಗಾಗಿ ಜನವರಿ, ಫೆಬ್ರುವರಿ, ಮಾರ್ಚ್ ಮೂರು ವಾರದ ಘಟನೆಗಳು ನಮ್ಮ ಲೆಕ್ಕಕ್ಕಿಂತ ಒಂದು ವರ್ಷ ಹಿಂದೆ ಕಾಣುತ್ತವೆ. ಈ ಮನೆಯ ಮಕ್ಕಳಲ್ಲಿ ಜನವರಿಯಲ್ಲೂ ಮಾರ್ಚ್‌ನಲ್ಲೂ ಹುಟ್ಟಿದವರು ಇದ್ದಾರೆ. ಒಂದೇ ಮಗು ಎರಡು ಇಸವಿಯಲ್ಲಿ ಸಿಕ್ಕಿ ಎರಡು ಮಕ್ಕಳಾಗಿಬಿಡುವ ಅಪಾಯ ಅಲ್ಲಿದೆ.

ಈಗ ಮಕ್ಕಳು, ಹುಟ್ಟಿದ ಕ್ರಮದಲ್ಲಿ. ಮೊದಲನೆಯದು ಹೆಸರಿಲ್ಲದ ಹೆಣ್ಣುಮಗು. ಇದು 1255ರದ್ದು ಎಂಬುದು ಊಹೆ. ಬೋರ್ಡೋ ಊರಿನ ಡೊಮಿನಿಕನ್ ಮಠದಲ್ಲಿ ಹೂತಿದ್ದಾರೆ. ಗೊತ್ತಾದದ್ದು ಹೇಗೆಂದರೆ, ಸುಮಾರು 32 ವರ್ಷದ ನಂತರ, 1287ರ ಮೇ 29ರಂದು, ಅದೇ ಮಠದಲ್ಲಿ ಮಗಳ ಪುಣ್ಯದಿನದ ಪೂಜೆಗೆಂದು ರಾಣಿ ಜರಿಬಟ್ಟೆ ಕೊಟ್ಟ ಲೆಕ್ಕ ಇದೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹೆತ್ತು ಕಳೆದುಕೊಂಡ ಕೂಸು. ಆ ದಿನವನ್ನು ತಾಯಿ ಮರೆತಿರಲಿಲ್ಲ. ನಂತರ ಕ್ಯಾಥರೀನ್, 1264ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಳು. 1265ರ ಜನವರಿಯಲ್ಲಿ ಜೊಆನಾ. ಆಗ ಮಾವನೂ ಗಂಡನೂ ರಾಜನ ವಿರುದ್ಧ ದಂಗೆ ಎದ್ದ ಸರದಾರರ ನಾಯಕ ಸಿಮನ್ ದ ಮಾಂಟ್‌ಫರ್ಟ್‌ನ ಸೆರೆಯಲ್ಲಿದ್ದರು. ಗಂಡ ಮೇ ತಿಂಗಳಲ್ಲಿ ತಪ್ಪಿಸಿಕೊಂಡ, ಆಗಸ್ಟ್ 4ರಂದು ಈವ್‌ಶಾಮ್ ಯುದ್ಧ ಗೆದ್ದ, ಸೆಪ್ಟೆಂಬರ್ 7ರ ಹೊತ್ತಿಗೆ ಜೊಆನಾಳ ಗೋರಿಗೆ ಹೊದಿಸಲು ಜರಿಬಟ್ಟೆ ಹೋಗಿತ್ತು. ಸತ್ತ ದಿನ ಗೊತ್ತಿಲ್ಲ. "ಸೆಪ್ಟೆಂಬರ್ 7ಕ್ಕೆ ಮುಂಚೆ" ಎಂದಷ್ಟೇ ಬರೆಯಬಹುದು, ಹಾಗೆಯೇ ಬರೆಯಿರಿ.

1266ರ ಜುಲೈನಲ್ಲಿ ಜಾನ್, 1268ರಲ್ಲಿ ಹೆನ್ರಿ, 1269ರಲ್ಲಿ ಎಲಿನೋರ್. ಈ ಮೂವರನ್ನು ಇಂಗ್ಲೆಂಡಿನಲ್ಲಿ ಬಿಟ್ಟು 1270ರಲ್ಲಿ ಗಂಡ ಹೆಂಡತಿ ಕ್ರುಸೇಡಿಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಹೊರಟರು. 1271ರ ಮೇ ತಿಂಗಳಲ್ಲಿ ಪ್ಯಾಲೆಸ್ಟೈನಿನ ಏಕರ್ ಬಂದರು ಮುಟ್ಟಿದರು. ಆಗಸ್ಟ್‌ನಲ್ಲಿ, ಐದು ತುಂಬಿದ ಜಾನ್ ಮನೆಯಲ್ಲಿ ತೀರಿಕೊಂಡ. ಏಕರ್‌ನಲ್ಲೇ ಒಂದು ಹೆಣ್ಣುಮಗು ಹುಟ್ಟಿ ಸತ್ತಿತು. ಕೆಲವು ಪಟ್ಟಿಗಳು ಅದಕ್ಕೆ ಜೂಲಿಯಾನಾ ಎಂದು ಹೆಸರಿಡುತ್ತವೆ, ಆ ಹೆಸರಿಗೆ ಆ ಕಾಲದ ಆಧಾರವಿಲ್ಲ. 1272ರಲ್ಲಿ ಅಲ್ಲೇ ಹುಟ್ಟಿ ಬದುಕಿದವಳು ಏಕರ್‌ನ ಜೋನ್. 1273ರ ನವೆಂಬರ್‌ನಲ್ಲಿ, ಮರಳುವ ದಾರಿಯಲ್ಲಿ, ಬಯೋನ್ ಊರಲ್ಲಿ ಅಲ್ಫೊನ್ಸೊ, ಸೋದರಮಾವನ ಹೆಸರು. ಆಮೇಲೆ 1275ರಲ್ಲಿ ಮಾರ್ಗರೆಟ್, 1276ರಲ್ಲಿ ಬೆರೆಂಗಾರಿಯಾ, ಅವಳು ಎರಡು ವರ್ಷವಷ್ಟೇ ಬದುಕಿದಳು. 1278ರ ಜನವರಿಯಲ್ಲಿ ಹೆಸರಿಲ್ಲದ ಹೆಣ್ಣುಮಗು, 1279ರ ಮಾರ್ಚ್‌ನಲ್ಲಿ ಮೇರಿ, 1280-81ರ ಸುಮಾರಿಗೆ ಒಂದು ಗಂಡುಮಗು (ಅನುಮಾನದ ಎರಡರಲ್ಲಿ ಇದು ಖಂಡಿತ ಒಂದು). ವೇಲ್ಸ್ ಯುದ್ಧ ನಡೆಯುತ್ತಿರುವಾಗ 1282ರಲ್ಲಿ ರಡ್‌ಲನ್ ಕೋಟೆಯಲ್ಲಿ ಎಲಿಜಬೆತ್, ಕೊನೆಗೆ 1284ರ ಏಪ್ರಿಲ್ 25ರಂದು ಕನಾರ್ವನ್‌ನಲ್ಲಿ ಎಡ್ವರ್ಡ್. ಬಿಯಾಟ್ರಿಸ್, ಬ್ಲಾಂಚ್ ಎಂಬ ಹೆಸರುಗಳು ಸಿಕ್ಕರೆ ಬಿಟ್ಟುಬಿಡಿ, ಅವು ತಡವಾಗಿ ಸೇರಿಕೊಂಡವು.

ಕನಾರ್ವನ್‌ನ ಮಗುವನ್ನು ಗುರಾಣಿಯ ಮೇಲೆ ಎತ್ತಿ ಹಿಡಿದು, "ಒಂದು ಮಾತು ಇಂಗ್ಲಿಷ್ ಬಾರದ ರಾಜಕುಮಾರ ಇಗೋ" ಎಂದು ಎಡ್ವರ್ಡ್ ವೇಲ್ಸ್ ಜನಕ್ಕೆ ತೋರಿಸಿದ ಎಂಬ ಕಥೆಯನ್ನೂ ಬಿಡಿ. ಅದು 16ನೇ ಶತಮಾನದ್ದು. ಆ ಮಗು ಹುಟ್ಟಿದಾಗ ಪಟ್ಟಕ್ಕೆ ಬರಬೇಕಿದ್ದವನು ಹತ್ತು ವರ್ಷದ ಅಣ್ಣ ಅಲ್ಫೊನ್ಸೊ. ಅವನ ಮದುವೆಯೂ ಗೊತ್ತಾಗಿತ್ತು. 1284ರ ಆಗಸ್ಟ್ 19ರಂದು, ತಂದೆ ತಾಯಿಯ ಪಟ್ಟಾಭಿಷೇಕಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಅವನು ತೀರಿಕೊಂಡ. ನಾಲ್ಕು ತಿಂಗಳ ಕೂಸು ಉತ್ತರಾಧಿಕಾರಿಯಾದದ್ದು ಹೀಗೆ. ವೇಲ್ಸ್ ರಾಜಕುಮಾರ ಎಂಬ ಬಿರುದು ಅವನಿಗೆ ಸಿಕ್ಕಿದ್ದು 1301ರಲ್ಲಿ.

ಇಷ್ಟು ಸಾವು ಕಂಡ ಈ ತಾಯಿಗೆ ಮಕ್ಕಳ ಮೇಲೆ ಮಮತೆ ಇರಲಿಲ್ಲ ಎಂದು ಬರೆದವರಿದ್ದಾರೆ. ಅವರ ಕೈಗೆ ಸಿಗುವ ಆಧಾರ ಹೆನ್ರಿಯ ಸಾವು. 1274ರ ಅಕ್ಟೋಬರ್‌ನಲ್ಲಿ ಆರು ವರ್ಷದ ಹೆನ್ರಿ ಗಿಲ್ಡ್‌ಫರ್ಡ್‌ನಲ್ಲಿ, ಅಜ್ಜಿಯ ಆರೈಕೆಯಲ್ಲಿ ತೀರಿಕೊಂಡ. ಕ್ರುಸೇಡ್ ಮುಗಿಸಿ ಆಗಸ್ಟ್‌ನಲ್ಲೇ ಬಂದಿದ್ದ ತಾಯಿ ತಂದೆ ಹತ್ತಿರದ ಲಂಡನ್ನಿನಿಂದ ಹೋದ ಗುರುತಿಲ್ಲ. ಆ ಮಗುವಿನ ಮನೆವಾರ್ತೆಯ ಲೆಕ್ಕ ಉಳಿದಿದೆ. ಕಾಯಿಲೆ ಹೆಚ್ಚಾದಾಗ 13 ವಿಧವೆಯರಿಗೆ ಹಣ ಕೊಟ್ಟು ರಾತ್ರಿಯಿಡೀ ಪ್ರಾರ್ಥನೆಗೆ ಕೂರಿಸಿದರು. ಮಗುವಿನ ಎತ್ತರವನ್ನು ಅಳೆದು, ಅಷ್ಟೇ ಉದ್ದದ ಮೇಣದಬತ್ತಿ ಮಾಡಿಸಿ ಸಂತರ ಗೋರಿಗಳಿಗೆ ಕಳಿಸಿದರು. ಮಗುವಿನ ಬದಲಿಗೆ ಅದರ ಅಳತೆಯ ಬತ್ತಿ ಉರಿಯಲಿ ಎಂಬ ಹರಕೆ. ಹೆನ್ರಿಯ ಎತ್ತರ ಎಷ್ಟೆಂದು ಒಂದು ಕಾಲಕ್ಕೆ ಮೇಣ ಮಾರುವವನಿಗೆ ಗೊತ್ತಿತ್ತು.

ತಾಯಿ ಹತ್ತಿರವಿರಲಿಲ್ಲ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ರಾಜನ ಜೊತೆ ತಿರುಗುವುದು ರಾಣಿಯ ಕರ್ತವ್ಯ, ಮಕ್ಕಳನ್ನು ಅಜ್ಜಿ ಮನೆಯಲ್ಲಿ ಬೆಳೆಸುವುದು ಆ ಮನೆಗಳ ವಾಡಿಕೆ. ಏಕರ್‌ನ ಜೋನ್ 1278ರವರೆಗೆ ಬೆಳೆದದ್ದು ಪಾಂತ್ಯೂನಲ್ಲಿ, ತಾಯಿಯ ತಾಯಿಯ ಬಳಿ. ನನ್ನ ತೀರ್ಮಾನಕ್ಕೆ ತೂಕ ಕೊಡುವುದು 1282ರ ಒಂದು ಪತ್ರ. ಹಿರಿಮಗಳು ಎಲಿನೋರ್‌ಳನ್ನು ಆರಗಾನ್ ರಾಜನ ಮಗನಿಗೆ ಗೊತ್ತುಮಾಡಿದ್ದರು, ಹುಡುಗಿಯನ್ನು ಕಳಿಸಿ ಎಂದು ಅವರ ಒತ್ತಾಯ. ಅವಳಿನ್ನೂ ಚಿಕ್ಕವಳು, ಈಗಲೇ ಕಳಿಸುವುದು ಬೇಡವೆಂದು ತನ್ನ ತಾಯಿಯೂ ಹೆಂಡತಿಯೂ ಹೇಳುತ್ತಿದ್ದಾರೆ ಎಂದು ಎಡ್ವರ್ಡ್ ಉತ್ತರ ಬರೆಸಿದ. ಮಗಳಿಗೆ ಆಗ 13. ಅತ್ತೆಯೂ ಸೊಸೆಯೂ ಎಳೆಯ ವಯಸ್ಸಿನಲ್ಲೇ ಗಂಡನ ಮನೆ ಸೇರಿದವರು, ಸೊಸೆ ಅದೇ ವಯಸ್ಸಿನಲ್ಲಿ ಬೋರ್ಡೋದಲ್ಲಿ ಕೂಸನ್ನು ಹೂತವಳು. ಮಗಳು ಹೋಗಲಿಲ್ಲ, 1293ರಲ್ಲಿ ಬಾರ್ ಸಂಸ್ಥಾನದ ಕೌಂಟನನ್ನು ಮದುವೆಯಾದಳು.

ಭೂಮಿಯ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಇಂಗ್ಲೆಂಡಿನ ರಾಣಿಗೆ ಮದುವೆಯಲ್ಲಿ ಗೊತ್ತುಮಾಡುವ ಭೂಮಿ ಕೈಗೆ ಬರುವುದು ವಿಧವೆಯಾದ ಮೇಲೆ. ಗಂಡ ಬದುಕಿರುವವರೆಗೆ ಅದು ಕಾಗದದ ಮೇಲಿನ ಹಕ್ಕು. ಅತ್ತೆ 1291ರವರೆಗೆ ಬದುಕಿದ್ದರಿಂದ ರಾಣಿಯ ಪಾಲಿನ ಹಳೆಯ ಜಮೀನೆಲ್ಲ ಅವಳ ಕೈಯಲ್ಲಿ. ನಿತ್ಯದ ಆದಾಯಕ್ಕೆ ಎಲಿನೋರ್‌ಗೆ ಇದ್ದದ್ದು "ರಾಣಿಯ ಚಿನ್ನ": ಯಾರಾದರೂ ಒಂದು ಹಕ್ಕಿಗಾಗಿಯೋ ಅನುಗ್ರಹಕ್ಕಾಗಿಯೋ ರಾಜನಿಗೆ 10 ಮಾರ್ಕ್‌ಗಿಂತ ಹೆಚ್ಚು ಕಾಣಿಕೆ ಒಪ್ಪಿಕೊಂಡರೆ, ಅದರ ಹತ್ತನೇ ಒಂದು ಪಾಲನ್ನು ಮೇಲೆ ಸೇರಿಸಿ ರಾಣಿಗೆ ಕೊಡಬೇಕು. 100 ಪೌಂಡ್ ಒಪ್ಪಿದವನು 110 ತೆರಬೇಕು. ಈ ಆದಾಯ ಒಂದು ವರ್ಷ ಬರುತ್ತಿತ್ತು, ಮರುವರ್ಷ ಬತ್ತುತ್ತಿತ್ತು. ರಾಣಿಗೆ ಸ್ವಂತ ಭೂಮಿ ಕಟ್ಟಿಕೊಡುವುದು ಎಡ್ವರ್ಡನದೇ ಯೋಜನೆಯೂ ಆಗಿತ್ತು. ಕಿರೀಟದ ಜಮೀನು ಕೊಡದೆ, ಹೊಸದನ್ನು ಸಂಪಾದಿಸಬೇಕು.

ಸಂಪಾದಿಸಿದ ದಾರಿಯೇ ಕಹಿ. ನೈಟ್‌ಗಳೂ ಸಣ್ಣ ಜಮೀನ್ದಾರರೂ ಯಹೂದಿ ಸಾಹುಕಾರರಲ್ಲಿ ಭೂಮಿ ಅಡವಿಟ್ಟು ಸಾಲ ಮಾಡುತ್ತಿದ್ದರು. ಸಾಲಪತ್ರ ಎರಡು ಪ್ರತಿ. ಒಂದು ಸಾಹುಕಾರನ ಕೈಯಲ್ಲಿ, ಇನ್ನೊಂದು ಪಟ್ಟಣದ ಬೀಗದ ಪೆಟ್ಟಿಗೆಯಲ್ಲಿ. ಯಹೂದಿಗಳ ಮೇಲೆ ರಾಜ ಮನಬಂದಂತೆ ತೆರಿಗೆ ಹಾಕುತ್ತಿದ್ದ. ಕೊಡಲಾಗದಿದ್ದಾಗ ಆ ಸಾಲಪತ್ರಗಳನ್ನೇ ಕಿತ್ತುಕೊಳ್ಳುತ್ತಿದ್ದ, ಕಿತ್ತುಕೊಂಡದ್ದರಲ್ಲಿ ಎಷ್ಟನ್ನೋ ರಾಣಿಗೆ ಕೊಡುತ್ತಿದ್ದ. ಈಗ ಸಾಲಗಾರನ ಎದುರು ನಿಂತವಳು ರಾಣಿ. ತೀರಿಸಲಾಗದವನು ಭೂಮಿ ಬಿಟ್ಟುಕೊಡಬೇಕು. ಕೆಂಟ್ ಸೀಮೆಯ ಲೀಡ್ಸ್ ಕೋಟೆ, ಇವತ್ತಿಗೂ ಪ್ರವಾಸಿಗರು ನೋಡುವ ಆ ಕೆರೆ ನಡುವಿನ ಕೋಟೆ, 1278ರಲ್ಲಿ ವಿಲಿಯಂ ಲೇಬರ್ನ್ ಎಂಬ ಸಾಲಗಾರನಿಂದ ಅವಳ ಕೈಸೇರಿದ್ದು ಹೀಗೆ. ಸಾಯುವ ಹೊತ್ತಿಗೆ ಅವಳ ಭೂಮಿಯ ಹುಟ್ಟುವಳಿ ವರ್ಷಕ್ಕೆ 2,500 ಪೌಂಡ್ ದಾಟಿತ್ತು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಾನ್ ಪೆಕಮ್ ಎರಡು ಸಲ ಎಚ್ಚರಿಸಿದ: 1283ರಲ್ಲಿ ರಾಣಿಗೇ ಬರೆದ, 1286ರಲ್ಲಿ ಅವಳ ಖಜಾನೆ ನೋಡುತ್ತಿದ್ದ ಪಾದ್ರಿಗೆ. ಬಡ್ಡಿಯ ಪಾಪದಿಂದ ಬಂದ ಭೂಮಿ ಹಿಡಿದರೆ ರಾಣಿಯ ಹೆಸರು ಕೆಡುತ್ತದೆ, ಆಗಲೇ ಕೆಟ್ಟಿದೆ ಎಂಬುದು ಅವನ ಮಾತಿನ ಸಾರ. ರಾಜನಿಗೆ ನಮ್ಮ ಚಿನ್ನದ ಮೇಲೆ ಕಣ್ಣು, ರಾಣಿಗೆ ನಮ್ಮ ಹೊಲದ ಮೇಲೆ ಕಣ್ಣು ಎಂಬ ಅರ್ಥದ ಒಂದು ಪದ್ಯವನ್ನು ಜನ ಕಟ್ಟಿದ್ದರು.

ಕೆಲವರು ಇಲ್ಲಿ ದೂರನ್ನೆಲ್ಲ ಗುಮಾಸ್ತರ ತಲೆಗೆ ಕಟ್ಟುತ್ತಾರೆ. ಪಾರುಪತ್ಯೆಗಾರರು ಕಠಿಣರಾಗಿದ್ದದ್ದು ಹೌದು. ಅವರಲ್ಲಿ ಒಬ್ಬ ಹ್ಯೂ ಕ್ರೆಸಿಂಗ್‌ಹ್ಯಾಮ್, ಮುಂದೆ ಸ್ಕಾಟ್ಲೆಂಡಿನ ಖಜಾನೆ ಅಧಿಕಾರಿಯಾಗಿ ಜನರ ಶಾಪ ಹೊತ್ತು 1297ರಲ್ಲಿ ಸ್ಟರ್ಲಿಂಗ್ ಸೇತುವೆಯ ಯುದ್ಧದಲ್ಲಿ ಸತ್ತವನು. ಆದರೆ ಅವರನ್ನು ನೇಮಿಸಿದವಳು ರಾಣಿ, ಲಾಭವೂ ಅವಳದು. ತಾನು ಅನ್ಯಾಯವಾಗಿ ಪಡೆದದ್ದನ್ನು ಸರಿಪಡಿಸಬೇಕೆಂದು ಸಾಯುವ ಮುನ್ನ ಅವಳೇ ಗಂಡನನ್ನು ಬೇಡಿಕೊಂಡಳು. 1291ರಲ್ಲಿ ನ್ಯಾಯಾಧೀಶರು ಅವಳ ಜಮೀನುಗಳಿಗೆ ಹೋಗಿ ಒಕ್ಕಲುಗಳ ದೂರು ಕೇಳಿದರು. ಯಹೂದಿಗಳಿಗೆ ಅಂಥ ವಿಚಾರಣೆ ಇರಲಿಲ್ಲ. 1290ರ ಜುಲೈನಲ್ಲೇ ಎಡ್ವರ್ಡ್ ಅವರನ್ನು ದೇಶದಿಂದ ಹೊರಹಾಕಿದ್ದ. ನಿಮ್ಮ ಲೇಖನದಲ್ಲಿ ಈ ಒಂದು ಸಾಲು ಬಿಟ್ಟುಹೋಗದಿರಲಿ.

ವಿಷದ ಕಥೆ ಬೇಗ ಮುಗಿಯುತ್ತದೆ. 1272ರ ಜೂನ್‌ನಲ್ಲಿ ಏಕರ್‌ನಲ್ಲಿ ಒಬ್ಬ ಹಂತಕ ಎಡ್ವರ್ಡನನ್ನು ಚೂರಿಯಿಂದ ಇರಿದದ್ದು ನಿಜ. ಹೆಂಡತಿ ಗಾಯಕ್ಕೆ ಬಾಯಿ ಹಚ್ಚಿದಳು ಎಂಬುದನ್ನು ಇಟಲಿಯ ಒಬ್ಬ ಪಾದ್ರಿ ವರ್ಷಗಳ ಮೇಲೆ "ಹೀಗೆ ಹೇಳುತ್ತಾರೆ" ಎಂದು ಬರೆದ. ಇಂಗ್ಲೆಂಡಿನ ವೃತ್ತಾಂತದಲ್ಲಿ ಕಾಣುವುದು ಬೇರೆ: ಶಸ್ತ್ರವೈದ್ಯ ಕೊಳೆತ ಮಾಂಸ ಕತ್ತರಿಸಿ ತೆಗೆದ, ಅದಕ್ಕೆ ಮೊದಲು, ಅಳುತ್ತಿದ್ದ ರಾಣಿಯನ್ನು ಕೋಣೆಯಿಂದ ಹೊರಗೆ ಕರೆದುಕೊಂಡು ಹೋದರು. ಅವಳು ಆಗಷ್ಟೇ ಬಾಣಂತನದಲ್ಲಿದ್ದವಳು.

ಪ್ರೀತಿಗೆ ಆ ಕಥೆಯ ಆಸರೆ ಬೇಕಾಗಿಲ್ಲ. 36 ವರ್ಷದ ದಾಂಪತ್ಯದಲ್ಲಿ ಇಬ್ಬರೂ ದೂರವಿದ್ದ ದಿನಗಳು ಕಡಿಮೆ. 1286ರಿಂದ 1289ರವರೆಗೆ ಗ್ಯಾಸ್ಕನಿಯಲ್ಲಿದ್ದಾಗ, 1287ರಲ್ಲಿ, ನಾಲ್ಕನೆಯ ದಿನಕ್ಕೆ ಮರುಕಳಿಸುವ ಜ್ವರ ಅವಳಿಗೆ ಹತ್ತಿತು. ಲಕ್ಷಣ ನೋಡಿದರೆ ಮಲೇರಿಯಾ. ಅಲ್ಲಿಂದ ಸಂಪೂರ್ಣ ಚೇತರಿಸಿಕೊಳ್ಳಲಿಲ್ಲ. 1290ರಲ್ಲಿ ಒಂದು ಸ್ಪೇನ್ ಹಡಗು ಪೋರ್ಟ್ಸ್‌ಮತ್‌ಗೆ ಬಂದಾಗ ಅವಳಿಗಾಗಿ ಕೊಂಡ ಹಣ್ಣಿನ ಲೆಕ್ಕ ಇದೆ: ಸೆವಿಲ್ಲಾದ ಅಂಜೂರ, ಒಣದ್ರಾಕ್ಷಿ, ಖರ್ಜೂರ, 230 ದಾಳಿಂಬೆ, 15 ಮಾದಲ ಹಣ್ಣು, 7 ಕಿತ್ತಳೆ. 35 ವರ್ಷ ಇಂಗ್ಲೆಂಡಿನಲ್ಲಿ ಬಾಳಿದ ಮೇಲೂ ನಾಲಿಗೆಗೆ ಬೇಕಿದ್ದದ್ದು ತವರಿನ ಹಣ್ಣು. ಆ ವರ್ಷ ಏಪ್ರಿಲ್‌ನಲ್ಲಿ ಜೋನ್, ಜುಲೈನಲ್ಲಿ ಮಾರ್ಗರೆಟ್, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ, ನವೆಂಬರ್‌ನಲ್ಲಿ ಲಿಂಕನ್ ಬಳಿಯ ಹಾರ್ಬಿ ಹಳ್ಳಿಯಲ್ಲಿ, ಬೇರೆಯವರ ಮನೆಯಲ್ಲಿ ತೀರಿಕೊಂಡಳು.

ದೇಹವನ್ನು ಮೂರು ಕಡೆ ಇಟ್ಟರು. ಕರುಳು ಲಿಂಕನ್ ಕೆಥೆಡ್ರಲ್‌ನಲ್ಲಿ; ಹೃದಯ ಲಂಡನ್ನಿನ ಬ್ಲ್ಯಾಕ್‌ಫ್ರಾಯರ್ಸ್ ಮಠದಲ್ಲಿ, ಅಲ್ಫೊನ್ಸೊನ ಹೃದಯವನ್ನು ಇಟ್ಟ ಕಡೆ; ಉಳಿದ ದೇಹ ಡಿಸೆಂಬರ್ 17ರಂದು ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ. ಮರುಜನವರಿಯಲ್ಲಿ ಕ್ಲೂನಿ ಮಠಾಧಿಪತಿಗೆ ಬರೆದ ಪತ್ರದಲ್ಲಿ ಎಡ್ವರ್ಡ್, ಬದುಕಿದ್ದಾಗ ಅಕ್ಕರೆಯಿಂದ ಕಂಡವಳನ್ನು ಸತ್ತ ಮೇಲೂ ಪ್ರೀತಿಸದೆ ಇರಲಾರೆ ಎಂದ. ಶವಯಾತ್ರೆ ರಾತ್ರಿ ತಂಗಿದ 12 ಕಡೆ ಶಿಲುಬೆ ಎದ್ದವು: ಲಿಂಕನ್, ಗ್ರ್ಯಾಂಥಮ್, ಸ್ಟ್ಯಾಮ್‌ಫರ್ಡ್, ಗೆಡಿಂಗ್ಟನ್, ನಾರ್ಥಾಂಪ್ಟನ್ ಬಳಿಯ ಹಾರ್ಡಿಂಗ್‌ಸ್ಟನ್, ಸ್ಟೋನಿ ಸ್ಟ್ರ್ಯಾಟ್‌ಫರ್ಡ್, ವೋಬರ್ನ್, ಡನ್‌ಸ್ಟೇಬಲ್, ಸೇಂಟ್ ಆಲ್ಬನ್ಸ್, ವಾಲ್ಥಮ್, ಚೀಪ್‌ಸೈಡ್, ಚೇರಿಂಗ್. ಉಳಿದಿರುವುದು ಗೆಡಿಂಗ್ಟನ್, ಹಾರ್ಡಿಂಗ್‌ಸ್ಟನ್, ವಾಲ್ಥಮ್ ಮೂರು. ಲಂಡನ್ನಿನ ಚೇರಿಂಗ್ ಕ್ರಾಸ್ ನಿಲ್ದಾಣದ ಮುಂದೆ ಇರುವುದು 1865ರದ್ದು. ಮೂಲ ಶಿಲುಬೆ ಅಲ್ಲಿರಲಿಲ್ಲ. ಈಗ ಒಂದನೇ ಚಾರ್ಲ್ಸ್‌ನ ಕುದುರೆ ಪ್ರತಿಮೆ ನಿಂತಿರುವ ಜಾಗದಲ್ಲಿತ್ತು, 1647ರಲ್ಲಿ ಕೆಡವಿದರು. ಚೇರಿಂಗ್ ಎಂದರೆ ಫ್ರೆಂಚಿನಲ್ಲಿ "ಪ್ರಿಯ ರಾಣಿ" ಎಂಬ ವ್ಯುತ್ಪತ್ತಿಯೂ ತಪ್ಪು. ಊರಿನ ಹೆಸರು ಅವಳಿಗಿಂತ ಹಳೆಯದು, ನದಿಯ ತಿರುವು ಎಂಬರ್ಥದ್ದು.

ಇದೆಲ್ಲ ನಮಗೆ ಸಿಗುವುದೂ ಲೆಕ್ಕದಿಂದಲೇ. ವಿಲಿಯಂ ಎಂಬ ಐರ್ಲೆಂಡಿನ ಶಿಲ್ಪಿಗೆ ಪ್ರತಿಮೆಯೊಂದಕ್ಕೆ 3 ಪೌಂಡ್ 6 ಷಿಲಿಂಗ್ 8 ಪೆನ್ನಿ ಸಂದಿತು. ಅಂಕಿ ವಿಚಿತ್ರವಾಗಿ ಕಂಡರೆ 160ರಿಂದ ಭಾಗಿಸಿ: ಸರಿಯಾಗಿ 5 ಮಾರ್ಕ್. ವೆಸ್ಟ್‌ಮಿನ್‌ಸ್ಟರ್ ಗೋರಿಯ ಮೇಲಿನ ಕಂಚಿನ ಮೂರ್ತಿಯನ್ನು ಎರಕ ಹೊಯ್ದವನು ಲಂಡನ್ನಿನ ಅಕ್ಕಸಾಲಿಗ ವಿಲಿಯಂ ಟಾರೆಲ್. ಚಿನ್ನದ ಲೇಪಕ್ಕೆ ಲುಕ್ಕಾ ಊರಿನ ವರ್ತಕರಿಂದ 350 ಚಿನ್ನದ ಫ್ಲೋರಿನ್ ನಾಣ್ಯ ಕೊಂಡರು.

ನಿಮ್ಮ ವಂಶವೃಕ್ಷವನ್ನು ಸರಿನೋಡಲು ಆ ಗೋರಿಯ ಅಂಚಿನ ಫ್ರೆಂಚ್ ಬರಹವೇ ಸಾಕು. "ಇಲ್ಲಿ ಮಲಗಿದ್ದಾಳೆ ಆಲಿಯನೋರ್, ಹಿಂದೊಮ್ಮೆ ಇಂಗ್ಲೆಂಡಿನ ರಾಣಿ, ರಾಜ ಹೆನ್ರಿಯ ಮಗ ರಾಜ ಎಡ್ವರ್ಡನ ಹೆಂಡತಿ, ಸ್ಪೇನಿನ ರಾಜನ ಮಗಳು, ಪಾಂತ್ಯೂವಿನ ಕೌಂಟೆಸ್, ದೇವರು ಕರುಣೆಯಿಂದ ಆಕೆಯ ಆತ್ಮವನ್ನು ಮನ್ನಿಸಲಿ." ಗಂಡ, ಮಾವ, ತಂದೆ ಇದ್ದಾರೆ. ಹೆತ್ತ ಮಕ್ಕಳಲ್ಲಿ ಒಬ್ಬರ ಹೆಸರೂ ಇಲ್ಲ. ತಾಯಿಯ ಹೆಸರೂ ಇಲ್ಲ, ಆದರೆ ಕೊನೆಯ ಬಿರುದು ತಾಯಿಯದು. 1279ರಲ್ಲಿ ಜೋನ್ ತೀರಿದಾಗ, ಮುಂಚೆಯೇ ಸತ್ತಿದ್ದ ಅಣ್ಣ ಫೆರ್ನಾಂಡೋಗೆ ಮಗನಿದ್ದ. ಆದರೂ ಆ ಸೀಮೆಯ ಪದ್ಧತಿಯಲ್ಲಿ ಮೊಮ್ಮಗನಿಗಿಂತ ಮಗಳು ಹತ್ತಿರದವಳು ಎಂದು ಪಾಂತ್ಯೂ ಎಲಿನೋರ್‌ಗೆ ಬಂತು. ಗೆಡಿಂಗ್ಟನ್‌ನ ಮೂರು ಮೂಲೆಯ ಶಿಲುಬೆಯ ಮುಂದೆ ನಿಂತರೂ ಅದೇ ಕಾಣುತ್ತದೆ: ಇಂಗ್ಲೆಂಡಿನ ಮೂರು ಸಿಂಹ ಗಂಡನದು, ಕೋಟೆ ಮತ್ತು ಸಿಂಹ ಒಂದೇ ಗುರಾಣಿಯಲ್ಲಿರುವುದು ತಂದೆಯದು, ಓರೆ ಪಟ್ಟೆಗಳಿರುವುದು ತಾಯಿಯ ಪಾಂತ್ಯೂ. ವೃಕ್ಷದಲ್ಲಿ ತಾಯಿಯ ಕಡೆಗೂ ಒಂದು ಗೆರೆ ಎಳೆಯಿರಿ, ಅದನ್ನು ಕೆಳಕ್ಕೂ ಮುಂದುವರಿಸಿ. 1290ರ ನವೆಂಬರ್ 28ರಂದು ಆ ಸಂಸ್ಥಾನ ದಾಟಿದ್ದು ಎಡ್ವರ್ಡ್ ರಾಜನಿಗಲ್ಲ, ಆರು ವರ್ಷದ ಅವನ ಮಗನಿಗೆ.